ನಾನು ಹಾಕಿದ ಚಿಲಕ

ನಜರ್‌ಬಾದಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸ್. ಗಂಡು ನರ್ಸುಗಳನ್ನು ಎಲ್ಲರೂ ಬ್ರದರ್ ಎನ್ನುತ್ತಾರೆ. ವಾರ್ಡಿನ ಹಿರಿಯ ಸಿಸ್ಟರನ್ನು ನಾನು ಅಕ್ಕ ಎನ್ನುತ್ತಿದ್ದೆ. ಡಿಗ್ರಿ ಮುಗಿಸಿ ಬಂದ ಮೊದಲ ವಾರ, ನನ್ನ ಕೈ ಹಿಡಿದು ಸೂಜಿ ಹಾಕಲು ಕಲಿಸಿದವರು ಅವರು.

ನಮ್ಮ ವಾರ್ಡಿನಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ ಒಂದು ರೂಢಿಯಿತ್ತು. ನುಂಗಲಾಗದ ರೋಗಿಯ ಮಂಚಕ್ಕೆ ‘ಬಾಯಿಗೆ ಏನೂ ಕೊಡಬೇಡಿ’ ಎಂಬ ಚೀಟಿ ಕಟ್ಟುತ್ತೇವೆ. ನೀರು ಶ್ವಾಸಕೋಶಕ್ಕೆ ಇಳಿದರೆ ಅಪಾಯ. ಆದರೆ ಇನ್ನು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅಕ್ಕ ಆ ಚೀಟಿ ಬಿಚ್ಚಿ, ಪರದೆ ಎಳೆದು, ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಮನೆಯವರು ಒಂದು ಚಮಚ ತುಳಸಿ ನೀರು ಬಿಡುತ್ತಿದ್ದರು. ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಲಕ್ವ ಹೊಡೆದು ಮಲಗಿದ್ದ ಮುದುಕರೊಬ್ಬರು ಚೇತರಿಸಿಕೊಂಡಂತೆ ಕಂಡರು. ಚೀಟಿ ಇನ್ನೂ ಮಂಚದಲ್ಲೇ ಇತ್ತು. ಮಗ ನೀರಿನ ಲೋಟ, ಚಮಚ ತಂದ.

“ಅಪ್ಪಾಜಿ ಬಾಯಿ ಒಣಗೋಗದೆ ಸಿಸ್ಟರ್, ಒಂದ್ ಗುಟುಕು ಬುಟ್ಬುಡ್ತೀನಿ.”

ಅಕ್ಕ ಚಮಚ ಕಸಿದುಕೊಂಡರು. “ಬೇಡ ಕಣ್ರೀ, ನೆತ್ತಿಗೆ ಹತ್ತುತ್ತೆ. ಹುಷಾರಾದ್ಮೇಲೆ ನೀವೇ ಕಾಫಿ ಕುಡಿಸೋರಂತೆ.”

“ಸಕ್ಕರೆ ಕಮ್ಮಿಯಾದ್ರೆ ಜಗಳಕ್ಕೇ ಬಂದ್ಬುಡ್ತಾರೆ ಇವ್ರು,” ಎಂದು ಮಗ ನಕ್ಕ.

ಸ್ವಲ್ಪ ಹೊತ್ತಿಗೆಲ್ಲ ಮುದುಕರ ಹೃದಯ ನಿಂತಿತು. ಡಾಕ್ಟರು, ಅಕ್ಕ, ನಾನು ಸರದಿಯಲ್ಲಿ ಎದೆ ಒತ್ತಿದೆವು. ಜೀವ ಮರಳಲಿಲ್ಲ. ಡಾಕ್ಟರು ಮರಣಪತ್ರಕ್ಕೆ ಸಹಿ ಹಾಕಲು ಕೆಳಗಿಳಿದರು.

“ನೀರೂ ಬುಡ್ನಿಲ್ವಲ್ಲೇ! ಬಾಯಾರ್ಕೊಂಡೇ ಸತ್ನಲ್ಲೇ ನಮ್ಮಪ್ಪ!”

ಮಗನ ಕೈಯ ಲೋಟ ಅಕ್ಕನ ಹುಬ್ಬಿಗೆ ಬಡಿಯಿತು. ರಕ್ತ ಕಣ್ಣಿಗಿಳಿಯಿತು. ಕಾರಿಡಾರಿನಲ್ಲಿದ್ದ ನೆಂಟರು ನುಗ್ಗಿದರು. ಸಲೈನ್ ಸ್ಟ್ಯಾಂಡ್ ಎತ್ತಿ ಯಾರೋ ಬೀಸಿದರು. ತಲೆಗೆ ಗುರಿಯಿಟ್ಟದ್ದು ಅಕ್ಕನ ಭುಜಕ್ಕೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಹಸಿ ಕಬ್ಬು ಮುರಿದಂತೆ. ಔಷಧಿ ಟ್ರಾಲಿ ಮಗುಚಿತು. ಒಡೆದ ಸೀಸೆಗಳ ಮೇಲೆ ಚಪ್ಪಲಿಗಳು ಕರಕರ ಎನ್ನುತ್ತಿದ್ದವು.

ಡ್ಯೂಟಿ ರೂಮು ನಾಲ್ಕು ಹೆಜ್ಜೆ. ನಾನು ಒಳಗೆ ಓಡಿ ಚಿಲಕ ಹಾಕಿಕೊಂಡೆ.

ಬಾಗಿಲಲ್ಲಿ ಅಂಗೈ ಅಗಲದ ಗಾಜು. ಅದರಾಚೆ ಅಕ್ಕನ ಮುಖ. ಅವರು ಮೂರು ಸಲ ಬಾಗಿಲು ಬಡಿದರು. ನಾನು ಚಿಲಕವನ್ನು ಎರಡೂ ಕೈಯಿಂದ ಒತ್ತಿ ಹಿಡಿದೆ. ಅಷ್ಟರಲ್ಲಿ ಒಬ್ಬಳು ಅವರ ತುರುಬು ಹಿಡಿದು ಹಿಂದಕ್ಕೆ ಎಳೆದಳು. ಮಗ ನೀರಿನ ಜಗ್ಗು ಎತ್ತಿಕೊಂಡ. ಇಬ್ಬರು ಅಕ್ಕನನ್ನು ನೆಲಕ್ಕೆ ಅದುಮಿದರು, ಒಬ್ಬ ಮೂಗು ಹಿಡಿದ.

“ಕುಡಿಯೇ! ನೀನ್ ಕುಡಿ ಈಗ!”

ನೀರು ಅವರ ಬಾಯಿಂದ ಉಕ್ಕುತ್ತಿತ್ತು, ರಕ್ತದೊಂದಿಗೆ ಬೆರೆತು. ಕಾಲುಗಳು ನೆಲವನ್ನು ಒದೆಯುತ್ತಿದ್ದವು.

“ಒಳ್ಗೆ ಇನ್ನೊಬ್ಬ ಅವ್ನೆ ಕಣ್ರೋ!”

ಗಾಜು ಒಡೆದು ನನ್ನ ಕೆನ್ನೆ ಸೀಳಿತು. ಒಂದು ಕೈ ಒಳಗೆ ಬಂದು ಚಿಲಕಕ್ಕಾಗಿ ತಡಕಾಡಿತು. ಅದನ್ನು ನಾನು ಕಚ್ಚಿದೆ. ಆಗ ಸೆಕ್ಯುರಿಟಿಯವರ ಲಾಠಿ ಸದ್ದು. ನೆಂಟರು ಚೆದುರಿದರು.

ವಾರದ ನಂತರ ಆಡಳಿತದವರು ನಮ್ಮನ್ನೆಲ್ಲ ಸಭಾಂಗಣದಲ್ಲಿ ಕೂರಿಸಿ ಆಪ್ತಸಮಾಲೋಚಕಿಯೊಬ್ಬರನ್ನು ಕರೆಸಿದರು. ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳಿ ಎಂದರು ಆಕೆ. ಕಣ್ಣು ಮುಚ್ಚಿದರೆ ಬಾಗಿಲು ಬಡಿಯುವ ಸದ್ದು. ನಾನು ಎದ್ದು ಹೊರಗೆ ಹೋದೆ. ಆಕೆ ಹಿಂದೆಯೇ ಬಂದರು. ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಆಕೆ ಸಮಾಧಾನ ಮಾಡಲಿಲ್ಲ. “ಇದನ್ನ ಅವರಿಗೆ ಹೇಳಿದ್ದೀರಾ?” ಎಂದಷ್ಟೇ ಕೇಳಿದರು.

ಕೆಸರೆಯಲ್ಲಿದ್ದ ಅಕ್ಕನ ಮನೆಗೆ ಹೋದೆ. ಅಕ್ಕ ಕೈಗೆ ಜೋಳಿಗೆ ಕಟ್ಟಿಕೊಂಡು ಕೂತಿದ್ದರು.

“ಬಾರೋ. ಕೆನ್ನೆ ಮೇಲೆ ಹೊಲಿಗೆ ಹಾಕಿದ್ದು ಯಾವ ದರ್ಜಿನೋ? ನಾನಿದ್ದಿದ್ರೆ ಇನ್ನೂ ನೀಟಾಗಿ ಹಾಕ್ಸಿರ್ತಿದ್ದೆ.”

ಅವರ ಮಗಳು ನೀರು ತಂದಿಟ್ಟಳು. ಅಕ್ಕ ಲೋಟ ತೆಗೆದುಕೊಂಡು ಗೋಡೆಯ ಕಡೆ ತಿರುಗಿ, ಹನಿಹನಿಯಾಗಿ ಕುಡಿದರು. ಯಾರಾದರೂ ನೋಡುತ್ತಿದ್ದರೆ ಗಂಟಲಲ್ಲಿ ಇಳಿಯುವುದಿಲ್ಲವಂತೆ.

“ಕೆಲ್ಸ ಬುಟ್ಬುಡು ಅಂತಾರೆ ಮನೇಲಿ,” ಎಂದರು. “ಇಪ್ಪತ್ತು ವರ್ಷ ವಾರ್ಡಲ್ಲೇ ಕಳ್ದಿದೀನಿ. ಅದು ಬಿಟ್ರೆ ನಾನ್ಯಾರು?”

“ಅಕ್ಕಾ, ಚಿಲಕ ಹಾಕಿದ್ದು ನಾನು.”

“ಗೊತ್ತು ಕಣೋ. ಗಾಜಲ್ಲಿ ನಿನ್ನ ಮುಖ ಕಾಣ್ತಿತ್ತು.” ಜೋಳಿಗೆಯ ಗಂಟು ಸರಿಮಾಡಿಕೊಂಡರು. “ನಾನ್ ಒಳಗಿದ್ದಿದ್ರೆ ನಾನೂ ಹಾಕ್ಬುಡ್ತಿದ್ನೇನೋ. ಬೈಯಲ್ಲ ನಿನ್ನ. ಆದ್ರೆ ನೀನು ಹಿಂದೆ ನಿಂತಿದ್ರೆ ನಂಗೆ ಪೇಷೆಂಟ್ ಕಡೆ ತಿರುಗಕ್ಕಾಗಲ್ಲ. ಭುಜ ಕೂಡಿದ್ಮೇಲೆ ಬರ್ತೀನಿ. ನಿನ್ ಜೊತೆ ಡ್ಯೂಟಿ ಮಾತ್ರ ಬೇಡ.”

ಮರುದಿನ ಬೆಳಿಗ್ಗೆ ಸೂಪರಿಂಟೆಂಡೆಂಟರ ಮುಂದೆ ನಿಂತು ಬೇರೆ ವಾರ್ಡು ಕೇಳಿದೆ.

“ಯಾಕ್ರೀ, ಸಿಸ್ಟರ್ ಜೊತೆ ಜಗಳಾನಾ?” ಎಂದರು.

“ಇಲ್ಲ ಸರ್. ಅವರು ಕೆಲಸಕ್ಕೆ ವಾಪಸ್ ಬರಬೇಕು.”