ಏಡಿ ಅಳೆಯುವ ಅಯ್ನೋರು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಹಣೆಯ ಮೇಲೆ ಮೂರೆಳೆ ವಿಭೂತಿ, ಜೇಬಿನಲ್ಲಿ ಖಾಲಿ ಬೆಂಕಿಪೊಟ್ಟಣ. ಬೀಡಿ ಸೇದುವವರಲ್ಲ, ಅದು ಏಡಿ ಅಳೆಯುವುದಕ್ಕೆ. ಮೀನಿನ ವಾಸನೆಗೇ ಮೂಗು ಮುಚ್ಚುವ ಮನೆತನ, ಚಾಮರಾಜಪುರಂನಲ್ಲಿ ಮನೆ. ಹೊಟ್ಟೆಪಾಡಿಗೆ ನಮ್ಮ ಮೀನುಗಾರರ ಸಂಘದಲ್ಲಿ ತಪಾಸಣೆ ಕೆಲಸ. ನಾವೆಲ್ಲ ಅವರನ್ನು ಅಯ್ನೋರು ಎನ್ನುತ್ತಿದ್ದೆವು.

ಆಗ ತೊಂಬತ್ತರ ದಶಕ. ದಟ್ಟಗಳ್ಳಿಯ ಆಚೆಯ ಕೆರೆಯಲ್ಲಿ ಏಡಿ ಹಿಡಿದು ದೇವರಾಜ ಮೊಹಲ್ಲಾದ ಗಲ್ಲಿಯಲ್ಲಿ ಮಾರುವುದೇ ನನ್ನ ಬದುಕು. ಸಂಘದ ಕಾನೂನು ಬಲು ಬಿಗಿ. ಮನೆಗೊಂದು ಪಾಸು, ದಿನಕ್ಕೊಂದು ಬುಟ್ಟಿ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಏಡಿ ವಾಪಸ್ ನೀರಿಗೆ. ಮುಂಗಾರಿಗೆ ತಾಯಿ ಏಡಿ ಹೊಟ್ಟೆಯಡಿ ಮರಿ ಕಟ್ಟಿಕೊಂಡಿರುತ್ತದೆಂದು ಎರಡು ತಿಂಗಳು ಬಂದ್. ಆ ದಿನಗಳಲ್ಲಿ ಮನೆಯಲ್ಲಿ ಒಂದು ಏಡಿ ಸಿಕ್ಕರೂ ಪಾಸು ಹೋಯಿತು. ಅಯ್ನೋರು ತಮ್ಮ ಗೆಳೆಯನ ಪಾಸನ್ನೇ ರದ್ದು ಮಾಡಿಸಿದ್ದವರು. "ನಾನು ತಿನ್ನೋನಲ್ಲ, ಅದಕ್ಕೇ ನಂಗೆ ದಾಕ್ಷಿಣ್ಯ ಇಲ್ಲ ಕಣ್ರೀ" ಎನ್ನುತ್ತಿದ್ದರು.

ನಮ್ಮ ಮನೆಯ ಪಾಸು ಇದ್ದದ್ದು ಮಾವನ ಹೆಸರಲ್ಲಿ, ಆ ವರ್ಷ ಅವರು ತೀರಿಕೊಂಡಿದ್ದರು. ಪಾಸು ಇನ್ನೂ ನನ್ನ ಹೆಸರಿಗೆ ಆಗಿರಲಿಲ್ಲ. ಅಂಥ ಹೊತ್ತಿನಲ್ಲೇ ನನಗೆ ಬುದ್ಧಿ ಕೆಟ್ಟಿತು. ತಂಗಿಗೆ ಎದೆಯಲ್ಲಿ ಕಫ ಕಟ್ಟಿತ್ತು. ಏಡಿ ಸಾರು ಕೊಡೋಣವೆಂದು ಕೊನೆಯ ದಿನದ ಬುಟ್ಟಿಯಿಂದ ನಾಲ್ಕು ಉಳಿಸಿ, ಬಚ್ಚಲಿನ ಹಂಡೆಗೆ ಹಾಕಿ ತಟ್ಟೆ ಮುಚ್ಚಿದ್ದೆ. ಬಂದ್ ಶುರುವಾದ ಬೆಳಿಗ್ಗೆಯೇ ಅಯ್ನೋರು ಬಾಗಿಲಲ್ಲಿ ನಿಂತಿದ್ದರು.

ಹಂಡೆಯೊಳಗೆ ಕರಕರ ಸದ್ದು. ನಾನು ಬೇಕೆಂದೇ ಪಾತ್ರೆ ಕುಕ್ಕಿದೆ.

"ಅದೇನಮ್ಮ ಸದ್ದು?"

"ಇಲಿ, ಅಯ್ನೋರೇ."

"ಹಂಡೇಲಿ ಇಲಿಯಾ? ನೋಡೋಣ ಬುಡಿ."

ತಟ್ಟೆ ಸರಿಸಿ ಕೈ ಹಾಕಿದರು. ಮರುಕ್ಷಣ ಹೆಬ್ಬೆರಳಿಂದ ರಕ್ತ ಸುರಿಯಿತು. ಕಚ್ಚಿ ಹಿಡಿದಿದ್ದ ಏಡಿಯನ್ನು ಕಿತ್ತೆಸೆಯಲಿಲ್ಲ. ಮೆಲ್ಲಗೆ ಮಗುಚಿ ತೋರಿಸಿದರು. ಹೊಟ್ಟೆಯಡಿ ಸಾಸಿವೆಯಷ್ಟು ಮರಿಗಳು ಮಿಸುಕಾಡುತ್ತಿದ್ದವು.

"ನನ್ನ ಹೆಸ್ರು ಬರ್ಕೋತೀರಾ ಅಯ್ನೋರೇ?"

"ಮೊದ್ಲು ಇವು ನೀರು ಸೇರ್ಲಿ."

ತಮ್ಮ ಊಟದ ಚೀಲದಿಂದ ಬುತ್ತಿ ಹೊರಗಿಟ್ಟು, ನಾಲ್ಕನ್ನೂ ಅದರೊಳಗೆ ಹಾಕಿಕೊಂಡು ಸೈಕಲ್ ಹತ್ತಿದರು. ಆ ಬುತ್ತಿ ನಮ್ಮ ಜಗಲಿಯಲ್ಲೇ ಉಳಿಯಿತು.

ಎರಡು ತಿಂಗಳು ನನಗೆ ಅನ್ನ ಸೇರಲಿಲ್ಲ. ಸೈಕಲ್ ಬೆಲ್ ಕೇಳಿದರೆ ಓಡಿಹೋಗಿ ಬಾಗಿಲ ಸಂದಿಯಿಂದ ಇಣುಕುತ್ತಿದ್ದೆ. ಸೀಸನ್ ತೆರೆಯುವ ಹಿಂದಿನ ದಿನ ಅಯ್ನೋರೇ ಬಂದು ನನ್ನ ಹೆಸರಿನ ಪಾಸು ಕೈಗಿಟ್ಟರು. "ಪ್ರತಿಯೊಂದನ್ನೂ ಮಗುಚಿ ನೋಡಿ ಹಿಡೀರಮ್ಮ" ಎಂದರು, ಅಷ್ಟೇ. ಹೆಬ್ಬೆರಳಿಗೆ ಇನ್ನೂ ಬಟ್ಟೆ ಸುತ್ತಿತ್ತು. ಏನಾಯಿತೆಂದು ಗಲ್ಲಿಯವರು ಕೇಳಿದರೆ ಬಾಗಿಲಿಗೆ ಸಿಕ್ಕಿತು ಎಂದರು. ಆದರೂ ಪ್ರತಿ ಮುಂಗಾರಿಗೆ, ಈ ಸಲ ಬಾಯಿಬಿಡುತ್ತಾರೇನೋ ಎಂದು ನಾನು ಹೆದರುತ್ತಲೇ ಇದ್ದೆ.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು. ನೋಡಲು ಹೋದಾಗ, ಅವರ ಪದ್ಧತಿಯಂತೆ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ನಾನು ಆ ಉಗುರನ್ನೇ ನೋಡುತ್ತಿದ್ದುದನ್ನು ಕಂಡು ಅವರ ಮಗಳು, "ಅಪ್ಪಂಗೆ ಬಾಗ್ಲಿಗೆ ಸಿಕ್ಕಿ ಹಂಗಾಗಿತ್ತು" ಎಂದಳು.

ಹೌದಂತೆ ಕಣಮ್ಮ ಎಂದೆ. ನಿಜ ಹೇಳುವ ಧೈರ್ಯ ಅವತ್ತೂ ಬರಲಿಲ್ಲ. ಈಗ ಬರೆದಿದ್ದೇನೆ.