ಆಪಾ ತಂದ ಹೊಸ ಆಟ

ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ ಕಾದ ಧೂಳಿನ ವಾಸನೆ ಬರುತ್ತದೆ. ಅದು ಮೂಗಿಗೆ ಬಡಿದರೆ ಸಾಕು, ನಾನು ಅಫಜಲಪುರದ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿರುತ್ತೇನೆ. ಅಲ್ಲಿ ನಾನು ಪಿ.ಟಿ. ಟೀಚರು, ಖೈರುನ್ನಿಸಾ ಆಪಾ ಗಣಿತದವರು. ಮಕ್ಕಳು ಮನೆಗೆ ಹೋದ ಮೇಲೆ ಇಬ್ಬರೂ ಕುಳಿತು ರಾಕ್ಷಸರನ್ನು ಕೊಲ್ಲುತ್ತಿದ್ದೆವು. ಗಾಬರಿಯಾಗಬೇಡಿ, ಆಟದಲ್ಲಿ. ವೀರರ ವೇಷ ತೊಟ್ಟು ನೆಲಮಾಳಿಗೆಗೆ ಇಳಿಯುವುದು, ಎದುರಾದವರನ್ನು ಹೊಡೆಯುವುದು, ಅವರು ಬೀಳಿಸಿದ ಖಡ್ಗ, ಕವಚ ಹೆಕ್ಕಿಕೊಂಡು ಬಲಿಯುವುದು, ಇಷ್ಟೇ.

ಹೆಕ್ಕುವುದರಲ್ಲೇ ನಮ್ಮ ಕಥೆ ಮುಗಿಯುತ್ತಿತ್ತು. ಬಿದ್ದ ವಸ್ತು ಮೊದಲು ಮುಟ್ಟಿದವರದು. ನಮ್ಮ ಕಡೆ ಎದುರಿಗಿದ್ದವರನ್ನು ಬಿಟ್ಟು ತಾನೇ ಮೊದಲು ಕೈ ಚಾಚುವವರುಂಟೇ?

“ತಗೋರಿ ಆಪಾ.”

“ಛೇ, ನೀವು ತಗೋರಿ ಅಕ್ಕೋರ. ನನ್ನ ಕಡೆ ಅದರಿ.”

“ನಿಮ್ಮ ಕಡೆ ಇರೋದು ತುಕ್ಕು ಹಿಡದದರಿ!”

ಈ ಉಪಚಾರ ಮುಗಿಯುವಷ್ಟರಲ್ಲಿ ಹಿಂದಿನಿಂದ ಬಂದ ರಾಕ್ಷಸ ಇಬ್ಬರನ್ನೂ ಮುಗಿಸುತ್ತಿದ್ದ. ಅವನಿಗೆ ಯಾರೂ ಸಂಸ್ಕಾರ ಕಲಿಸಿರಲಿಲ್ಲ.

ನಿವೃತ್ತಿಯಾದ ಮೇಲೆ ನಾನು ಆಳಂದದಲ್ಲಿ, ಆಪಾ ಜೇವರ್ಗಿಯಲ್ಲಿ. ಆಟ ಮಾತ್ರ ಅದೇ, ಈಗ ಇಂಟರ್ನೆಟ್ ಮೇಲೆ, ಕಿವಿಯಲ್ಲಿ ಅವರ ದನಿ. ಚಹಾ ಆದ ಕೂಡಲೇ ಶುರು, ರೊಟ್ಟಿ ಬಡಿಯುವ ಹೊತ್ತಿಗೆ ಬಂದ್. ಹೀಗಿರುವಾಗ ಹೋದ ತಿಂಗಳು ಆಪಾ ಹೊಸದೊಂದು ಆಟ ಹಿಡಿದುಕೊಂಡು ಬಂದರು.

“ಇನ್ನ ಮ್ಯಾಲ ಇದನ್ನ ಆಡೋಣ್ರಿ. ಹಳೇದು ಸಾಕಾಗೇದ.”

ಸಾಕಾಗಿದೆಯಂತೆ! ಹೊಸದನ್ನು ತೆರೆದು ತಪಾಸಣೆ ಮಾಡಿದೆ. ಹುಲ್ಲು ಗಾಳಿಗೆ ಅಲುಗಾಡುತ್ತದೆ. ಭಾರೀ ಸಾಧನೆ, ನಮ್ಮೂರ ಜಿಡಗಾ ರಸ್ತೆಯಲ್ಲಿ ನಿಂತರೂ ಅದೇ ಕಾಣುತ್ತದೆ. ಹಳೆಯ ಆಟದಲ್ಲಿ ರಾಕ್ಷಸರು ಗುಂಪಾಗಿ ಬಂದು ಶಿಸ್ತಾಗಿ ಸಾಯುತ್ತಿದ್ದರು. ಇಲ್ಲಿ ಬರುವವನು ಒಬ್ಬನೇ, ಸಾಯುವವಳು ನಾನು. ಅವನು ಕೈ ಎತ್ತುವುದನ್ನೇ ಕಾಯಬೇಕು, ಸರಿಯಾದ ಗಳಿಗೆಗೆ ಪಕ್ಕಕ್ಕೆ ಉರುಳಬೇಕು. ಇನ್ನು ಬಿದ್ದ ವಸ್ತುವೋ, ಇಬ್ಬರಿಗೂ ಬೇರೆ ಬೇರೆ. “ತಗೋರಿ” ಎನ್ನುವಂತೆಯೇ ಇಲ್ಲ, ಬಫೆ ಊಟದ ಹಾಗೆ.

ಇಷ್ಟನ್ನೂ ಆಪಾಗೆ ಒಪ್ಪಿಸಿ, “ನೀವು ಆಡ್ರಿ. ನಾ ಹಳೇದರಾಗೇ ಇರ್ತೇನಿ” ಎಂದೆ.

ಜೇವರ್ಗಿಯ ದನಿ ತುಸು ತಗ್ಗಿತು.

“ಅಕ್ಕೋರ, ಹಳೇದರಾಗ ಒಂದೇ ಸವನ ಮೌಸ್ ಒತ್ತಬೇಕು. ನನ್ನ ಬೆರಳು ಬಗ್ಗವಲ್ವು. ಇದರಾಗ ಕಾಯೋದು ಹೆಚ್ಚು, ಒತ್ತೋದು ಕಡಿಮಿ. ಕಾಯಾಕ ನನಗ ಇನ್ನೂ ಬರ್ತದ.”

“ಮೊದಲ ಹೇಳಬಾರದೇನ್ರಿ?”

“ಹೇಳಿದ್ರ ನನ್ನ ಪಾಲಿಂದೂ ನೀವ ಹೊಡೀತಿದ್ರಿ. ನಾ ಹಿಂದ ನಿಂತು ಚಪ್ಪಾಳಿ ಬಡೀಬೇಕಿತ್ತೇನು?”

ನನ್ನ ತಪಾಸಣೆ ಅಲ್ಲಿಗೆ ಮುಗಿಯಿತು.

ಇವತ್ತು ಹೊಸ ಆಟದ ಕೋಟೆ ಬಾಗಿಲಲ್ಲಿ ನಿಂತಿದ್ದೇವೆ. ಎದುರಿಗೆ ಗದೆ ಹಿಡಿದ ದೈತ್ಯ. ಹಳೆಯ ಆಟವೇ ಒಳ್ಳೆಯದು ಎಂಬ ನನ್ನ ಅಭಿಪ್ರಾಯ ಕೂದಲೆಳೆಯಷ್ಟೂ ಬದಲಾಗಿಲ್ಲ. ಅದನ್ನು ಹೇಳಲೆಂದು ಬಾಯಿ ತೆರೆಯುತ್ತೇನೆ.

“ಮಾತಾಡಬ್ಯಾಡ್ರಿ! ತಡೀರಿ... ತಡೀರಿ... ಈಗ ಉರುಳ್ರಿ!”

ಉರುಳುತ್ತೇನೆ.