ತಂಗಿಯ ಮನೆಯ ಎರಡು ಮೀನು, ನನ್ನ ಅವಸರ

ಮಂಗಳವಾರ ಬೆಳಗ್ಗೆ ಧಾರವಾಡದಿಂದ ತಂಗಿ ಗಿರಿಜಾಳ ಫೋನು. ‘ಅಣ್ಣಾ, ಟ್ಯಾಂಕಿನ ನೀರು ಹಾಲಿನಂಗ ಆಗೇತಿ. ಮೀನು ಮ್ಯಾಲ ಬಂದು ಬಾಯಿ ಬಿಡಾಕತ್ತಾವ. ಲಗೂ ಬಾ.’

ಯಾಕೆ ಹಾಗಾಯಿತೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಗಿರಿಜಾಳ ಗಂಡ ಮಹಾಂತೇಶ ಭೂಗೋಳದ ಮಾಸ್ತರ. ಸಮುದ್ರವೇ ಇಲ್ಲದ ಊರಿನಲ್ಲಿ, ಮನೆಯ ಹಾಲ್‌ನಲ್ಲಿ ಸಮುದ್ರ ಕಟ್ಟಿದ ಆಸಾಮಿ. ಉಪ್ಪುನೀರಿನ ಅಕ್ವೇರಿಯಂ, ಅದರೊಳಗೆ ಕೇಸರಿ ಮೈಗೆ ಬಿಳಿ ಪಟ್ಟಿಯ ಎರಡು ಕ್ಲೌನ್ ಮೀನು. (ಮದುವೆಗೆ ಕರೆದರೂ ಅವುಗಳ ಊಟ ಮುಗಿಸಿಯೇ ಬರುತ್ತಿದ್ದ.) ಕಳೆದ ವರ್ಷ ಹೃದಯಾಘಾತವಾಗಿ ಹೋಗಿಬಿಟ್ಟ.

ಆಮೇಲೆ ಗಿರಿಜಾ ಹಾಲ್ ದಾಟಿದಾಗಲೆಲ್ಲ ಮೀನಿನ ಆಹಾರದ ಒಂದು ಚಿಟಿಕೆ ಕಾಳು ಹಾಕತೊಡಗಿದಳು. ‘ಅವರು ಬಂದ್ರು ಅಂತ ತಿಳಕೊಂಡು ಗಾಜಿಗೆ ಬರ್ತಾವ ಅಣ್ಣಾ. ಹೆಂಗ ಬರಿಗೈಲೆ ಕಳಸ್ಲಿ?’ ಇದಕ್ಕೆ ಏನು ಉತ್ತರ ಕೊಡುತ್ತೀರಿ?

ಮೀನುಗಳು ಮಂಕಾದವು. ನಾನು ಸುಮ್ಮನಿರುವವನೇ? ಸೈಕಲ್ ಮೇಲೆ ಪಾತ್ರೆ ಮಾರಿ ಹುಬ್ಬಳ್ಳಿಯಲ್ಲಿ ಅಂಗಡಿ ಹಾಕಿದವನು. ಕಷ್ಟ ಕಂಡರೆ ಕೈ ತುರಿಸುತ್ತದೆ. ಟ್ಯಾಂಕಿನ ನೀರನ್ನು ಬಾಟಲಿಗೆ ತುಂಬಿಕೊಂಡು ಹಳೇ ಹುಬ್ಬಳ್ಳಿಯ ರಫೀಕನ ಮೀನಿನ ಅಂಗಡಿಗೆ ಹೋದೆ.

ಟೆಸ್ಟ್ ಮಾಡಿದ. ‘ನೈಟ್ರೇಟ್ ಭಾಳ ಏರೇತ್ರಿ ಕಾಕಾ. ತಿಂದು ಉಳದದ್ದು ಕೊಳತ್ರ ಹಿಂಗ. ಕಾಳು ಕಡಿಮಿ ಮಾಡ್ರಿ. ದಿನಾ ಒಂದೀಟ ಕಾರ್ಬನ್ ಕೊಡೂಣು.’

‘ಇದ್ದಲಿ ಹಾಕೂದೇನೋ?’

‘ಅಲ್ರೀ! ವೋಡ್ಕಾ, ಇಲ್ಲಾ ವಿನೆಗರ್. ನೀರಾಗಿನ ಬ್ಯಾಕ್ಟೀರಿಯಾ ಅದನ್ನ ತಿಂದು ಬೆಳಿಯೂವಾಗ ನೈಟ್ರೇಟ್‌ನೂ ನುಂಗತಾವ. ಟ್ಯಾಂಕಿಗೆ ಹಚ್ಚಿದ ನೊರಿ ತಗಿಯೂ ಮಷೀನು ಅವನ್ನ ಹೊರಗ ಹಾಕತೈತಿ. ವೋಡ್ಕಾ ನೀವೂ ಮುಟ್ಟಂಗಿಲ್ಲ, ನಾನೂ ಮುಟ್ಟಂಗಿಲ್ಲ. ವಿನೆಗರ್ ಹಾಕ್ರಿ.’

‘ಎಷ್ಟ ದಿನಾ?’

‘ಆರು ವಾರ.’

‘ಎರಡ ಮಾಡು.’

ರಫೀಕ್ ನಕ್ಕ. ‘ಬ್ಯಾಕ್ಟೀರಿಯಾ ಜೋಡಿ ಚೌಕಾಸಿ ನಡಿಯಂಗಿಲ್ರಿ. ಒಮ್ಮೆಲೇ ಸುರುವಿದ್ರ ಅವು ಮಿತಿಮೀರಿ ಬೆಳದು ನೀರಾಗಿನ ಆಕ್ಸಿಜನ್ ಎಲ್ಲಾ ಎಳಕೊಂತಾವ. ಮೀನು ಉಸರುಗಟ್ಟಿ ಸಾಯತಾವ.’ ದಿನಕ್ಕೆ ಇಷ್ಟೇ ಎಂದು ಸಿರಿಂಜಿನ ಮೇಲೆ ಪೆನ್ನಿನಿಂದ ಗೆರೆ ಎಳೆದುಕೊಟ್ಟ.

ಒಂದು ವಾರ ಗೆರೆ ದಾಟಲಿಲ್ಲ. ದಿನವೂ ಧಾರವಾಡಕ್ಕೆ ಹೋಗಿ ನಾನೇ ಹಾಕಿ ಬಂದೆ. ಟೆಸ್ಟ್ ಮಾಡಿದರೆ ನೈಟ್ರೇಟ್ ತೋರಿಸುವ ಅದೇ ಕೆಂಪು ಬಣ್ಣ, ಒಂದು ಕೂದಲೆಳೆಯಷ್ಟೂ ಇಳಿದಿಲ್ಲ. ಸೋಮವಾರ ಗಿರಿಜಾ ಚಹಾ ಮಾಡಲು ಒಳಗೆ ಹೋದಳು. ನಾನು ಹತ್ತು ದಿನದ್ದನ್ನು ಒಂದೇ ಸಲ ಸುರಿದೆ. ಅಂಗಡಿಯವರು ಯಾವಾಗಲೂ ಹೆಚ್ಚಿಗೆ ಹೆದರಿಸುತ್ತಾರೆ, ಅಲ್ಲವೇ?

ಮಂಗಳವಾರ ಆ ಫೋನು ಬಂದದ್ದೇ ರಫೀಕನನ್ನೂ ಅವನ ಗಾಳಿ ಪಂಪನ್ನೂ ಬೈಕಿನಲ್ಲಿ ಹೇರಿಕೊಂಡು ಓಡಿದೆ. ಒಂದು ಮೀನು ಆಗಲೇ ಸತ್ತು ತಳದಲ್ಲಿತ್ತು. ಇನ್ನೊಂದು, ಪಂಪು ಹಚ್ಚಿ ನೀರು ಬದಲಿಸುವಷ್ಟರಲ್ಲಿ ಅದೂ ಸತ್ತಿತು.

ಗಿರಿಜಾ ನನ್ನ ಮುಖ ನೋಡಿದಳು. ‘ನಿನ್ನೆ ಎಷ್ಟ ಹಾಕಿದ್ದಿ?’

ಹೇಳಿದೆ. ರಫೀಕ್ ತಲೆ ತಗ್ಗಿಸಿ ಹೊರಗೆ ಹೋಗಿ ನಿಂತ. ನನಗೆ ಸುಮ್ಮನಿರಲು ಬರುವುದಿಲ್ಲವಲ್ಲ, ‘ಚಿಂತಿ ಮಾಡಬ್ಯಾಡ. ನಾಳೆ ಇಂಥಾವ ಎರಡು ತರತೇನಿ, ಒಂದೀಟೂ ಫರಕ ಇರಂಗಿಲ್ಲ’ ಎಂದೆ.

ಅವಳು ಮೀನುಗಳನ್ನು ಸ್ಟೀಲ್ ಬಟ್ಟಲಿಗೆ ತೆಗೆದುಕೊಂಡಳು. ಸಿಟ್ಟು ಮಾಡಲಿಲ್ಲ. ‘ಅವರು ತೀರಿಕೊಂಡು ತಿಂಗಳಕ್ಕ ಬಂದು ಹಿಂಗ ಅಂದಿದ್ದಿ. ಅವರ ಅಂಗಿ-ಅರಬಿ ಯಾರಿಗಾರ ಕೊಡು, ಮನಿ ಬದಲಿ ಮಾಡು, ಲಗೂ ಸುಧಾರಿಸ್ಕೋ ಅಂತ. ನನಗ ಲಗೂ ಆಗಂಗಿಲ್ಲ ಅಣ್ಣಾ. ಅವರು ಸಾಕಿದ್ದು ಇವೆರಡ ಇದ್ದವು. ಈಗ ಒಂದೀಟ ಮಾತಾಡಲಾರದ ಕೂಡು.’

ಕೂತೆ. ಬಾಯಿಗೆ ಬಂದ ಸಲಹೆಗಳನ್ನು ಒಂದೊಂದಾಗಿ ನುಂಗಿದೆ. ಅವಳು ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ಬಹಳ ಹೊತ್ತು ಅತ್ತಳು. ಒಂದು ವರ್ಷದಿಂದ ಆ ಮನೆಗೆ ಹೋಗಿಬರುತ್ತಿದ್ದೇನೆ. ಅವಳು ನನ್ನೆದುರು ಅತ್ತದ್ದು ಅದೇ ಮೊದಲು. (ನಾನು ಮಾತು ನಿಲ್ಲಿಸಿದ್ದೂ ಅದೇ ಮೊದಲು.)

ದುಃಖದ ಮನೆಗೆ ಹೋದಾಗ, ನೀವು ಎಷ್ಟು ಹೊತ್ತು ಸುಮ್ಮನೆ ಕೂರುತ್ತೀರಿ?